ಇಲ್ಲದಿದ್ದಾಗ ತಿಳಿದ ಪ್ರತಿಕಾಯಗಳು

ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಮಕ್ಕಳ ವೈದ್ಯ ಕರ್ನಲ್ ಆಗ್ಡನ್ ಬ್ರೂಟನ್ 1952ರಲ್ಲಿ ಎಂಟು ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಅವನ ರಕ್ತಕ್ಕೆ ಪದೇ ಪದೇ ನುಗ್ಗುತ್ತಿತ್ತು. ಲಸಿಕೆ ಹಾಕಿದರೂ ಪ್ರತಿಕಾಯ ಹುಟ್ಟುತ್ತಿರಲಿಲ್ಲ. ಪ್ರತಿಕಾಯಗಳು ಸೀರಮ್‌ನ ಗಾಮಾ ಗ್ಲಾಬ್ಯುಲಿನ್ ಭಾಗದಲ್ಲಿರುತ್ತವೆ ಎಂದು ಟಿಸೆಲಿಯಸ್ ಮತ್ತು ಕಬಾಟ್ 1939ರಲ್ಲೇ ತೋರಿಸಿದ್ದರು. ಹುಡುಗನ ಸೀರಮ್‌ನಲ್ಲಿ ಆ ಭಾಗವೇ ಇರಲಿಲ್ಲ. ಬ್ರೂಟನ್ ಅಲ್ಲಿಗೇ ನಿಲ್ಲದೆ, ಬೇರೆಯವರ ರಕ್ತದಿಂದ ತೆಗೆದ ಗಾಮಾ ಗ್ಲಾಬ್ಯುಲಿನ್ನನ್ನು ತಿಂಗಳಿಗೊಮ್ಮೆ ಚರ್ಮದಡಿಗೆ ಚುಚ್ಚಿದರು. ಸೋಂಕು ಹತೋಟಿಗೆ ಬಂತು. ಕಾಯಿಲೆಯ ಪತ್ತೆ, ಕಾರಣ, ಚಿಕಿತ್ಸೆ ಮೂರೂ ಒಂದೇ ಪುಟ್ಟ ಲೇಖನದಲ್ಲಿ ಸಿಕ್ಕಿದ್ದು ವೈದ್ಯಕೀಯದಲ್ಲಿ ಅಪರೂಪ.

ಪ್ರತಿಕಾಯ ತಯಾರಾಗುವುದು ಎಲ್ಲಿ? ಸುಳಿವು ಬಂದದ್ದು ಕೋಳಿಯಿಂದ. ಮರಿಯ ಬರ್ಸಾ ಎಂಬ ಅಂಗವನ್ನು ತೆಗೆದರೆ ಅದು ಪ್ರತಿಕಾಯ ಮಾಡಲಾರದು ಎಂದು ಬ್ರೂಸ್ ಗ್ಲಿಕ್ 1956ರಲ್ಲಿ ಪ್ರಕಟಿಸಿದರು. ಆ ಜಾಡು ಹಿಡಿದ ಮ್ಯಾಕ್ಸ್ ಕೂಪರ್ ಮತ್ತು ರಾಬರ್ಟ್ ಗುಡ್ 1965ರ ಹೊತ್ತಿಗೆ, ಇಂದು ನಾವು ಬಿ ಮತ್ತು ಟಿ ಎನ್ನುವ ಎರಡು ಜೀವಕೋಶ ಕವಲುಗಳನ್ನು ಬೇರ್ಪಡಿಸಿ ತೋರಿಸಿದರು. ಬ್ರೂಟನ್ ಕಂಡ ಕಾಯಿಲೆಯ ಜೀನ್ 1993ರಲ್ಲಿ ಸಿಕ್ಕಿತು; ಅದು ಇರುವುದು ಎಕ್ಸ್ ಕ್ರೋಮೊಸೋಮಿನಲ್ಲಿ. ಅದಕ್ಕೇ ಇದು ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುತ್ತದೆ. ಈ ಮಕ್ಕಳು ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತಾರೆ. ಗರ್ಭದಲ್ಲಿದ್ದಾಗ ತಾಯಿಯ ಐಜಿಜಿ ವರ್ಗದ ಪ್ರತಿಕಾಯ ಹರಿದುಬಂದಿರುತ್ತದೆ. ಮಾಸು ದಾಟಿ ಬರಬಲ್ಲ ವರ್ಗ ಅದೊಂದೇ. ಅದು ಕರಗಿದ ಮೇಲೆ ಕಿವಿ ಸೋರುವುದು, ನ್ಯುಮೋನಿಯಾ ಶುರು.

ವರ್ಗಗಳ ಪಾತ್ರ ಇಷ್ಟು ಸರಳವಾಗಿ ಎಲ್ಲೆಡೆ ಬಿಡಿಸಿಕೊಳ್ಳಲಿಲ್ಲ. ದೇಹ ದಿನವೂ ತಯಾರಿಸುವ ಪ್ರತಿಕಾಯದಲ್ಲಿ ಐಜಿಎ ಪಾಲೇ ದೊಡ್ಡದು. ಕರುಳು, ಶ್ವಾಸನಾಳ, ಎದೆಹಾಲಿನಲ್ಲಿ ಅದರ ಕೆಲಸ. ಆದರೂ ಐಜಿಎ ಇಲ್ಲದ ಬಹುಪಾಲು ಜನ ಆರೋಗ್ಯವಾಗಿಯೇ ಇರುತ್ತಾರೆ. ಯುರೋಪಿನಲ್ಲಿ ಸುಮಾರು 600 ಮಂದಿಗೊಬ್ಬರಲ್ಲಿ ಕಾಣುವ ಈ ಕೊರತೆ ಜಪಾನಿನಲ್ಲಿ ತೀರಾ ವಿರಳ. ಐಜಿಎಂ ಒಂದಿಷ್ಟು ಅದರ ಜಾಗ ತುಂಬುತ್ತದೆ ಎಂಬ ವಿವರಣೆ ನನಗೆ ಅರ್ಧ ಉತ್ತರವಾಗಿಯೇ ಕಾಣುತ್ತದೆ.

ಐಜಿಎಂ ಸೋಂಕಿಗೆ ಮೊದಲು ಹೊರಡುವ ವರ್ಗ, ಐದು ಘಟಕ ಬೆಸೆದ ದೊಡ್ಡ ಅಣು. ಅದೊಂದಿದ್ದರೆ ಸಾಲದೆಂದು ಹೈಪರ್ ಐಜಿಎಂ ಕಾಯಿಲೆ ಕಲಿಸಿತು: ಐಜಿಎಂ ಸಾಕಷ್ಟಿರುತ್ತದೆ, ಕೆಲವೊಮ್ಮೆ ಮಿತಿಮೀರಿರುತ್ತದೆ, ಐಜಿಜಿ ಮತ್ತು ಐಜಿಎ ಮಾತ್ರ ಇರುವುದಿಲ್ಲ, ಮಗು ಕಾಯಿಲೆ ಬೀಳುತ್ತಲೇ ಇರುತ್ತದೆ. ಇದರ ಸಾಮಾನ್ಯ ಬಗೆಯಲ್ಲಿ ದೋಷ ಪ್ರತಿಕಾಯ ಮಾಡುವ ಬಿ ಕೋಶದ್ದಲ್ಲ, ವರ್ಗ ಬದಲಿಸು ಎಂದು ಸೂಚನೆ ಕೊಡಬೇಕಾದ ಟಿ ಕೋಶದ್ದು ಎಂದು ತಿಳಿದದ್ದೂ 1993ರಲ್ಲೇ.

1980ರ ದಶಕದಲ್ಲಿ ರಕ್ತನಾಳಕ್ಕೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ಪ್ರತಿಕಾಯಗಳ ಔಷಧಿ) ಬಂದಮೇಲೆ ಇಂಥ ಮಕ್ಕಳು ದೊಡ್ಡವರಾಗಿ ಬಾಳತೊಡಗಿದರು. ಐಜಿಜಿಯ ಅರ್ಧಾಯುಷ್ಯ ಸುಮಾರು 21 ದಿನ, ಹಾಗಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಡ್ರಿಪ್ ತಪ್ಪದು, ಜೀವಮಾನವಿಡೀ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತಯಾರಾಗುವ ಈ ಔಷಧಿ ದುಬಾರಿ. ಕೊರತೆಯನ್ನು ಪತ್ತೆಹಚ್ಚುವ ಮೊದಲ ಹೆಜ್ಜೆ ಮಾತ್ರ ಒಂದು ಸಾಮಾನ್ಯ ರಕ್ತಪರೀಕ್ಷೆ. ವರ್ಷಕ್ಕೆರಡು ಸಲ ನ್ಯುಮೋನಿಯಾ ಬಂದ ಮಗುವಿಗೆ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೇ ಆ ಪರೀಕ್ಷೆ ಆಗಬೇಕು, ಮೂರನೆಯದಕ್ಕೆ ಕಾಯಬಾರದು. ಕೊರತೆ ಪತ್ತೆಯಾದ ಮೇಲೆ ಔಷಧಿಯ ಡೋಸ್ ನಿರ್ಧಾರವಾಗುವುದು ತೂಕದ ಲೆಕ್ಕದಲ್ಲಿ. ಮಗು ಬೆಳೆದಂತೆ ಮನೆಯವರ ಮೇಲಿನ ಖರ್ಚೂ ಬೆಳೆಯುತ್ತದೆ. ಆ ಖರ್ಚನ್ನು ಸರ್ಕಾರ ಪೂರ್ತಿ ಹೊರಬೇಕು.