ರಸ್ತೆಯಲ್ಲಿ ಸತ್ತ ಮೊಲ ಯಾರ ಸೊತ್ತು?

ವಿಮಾನ ನಗರದ ನಮ್ಮ ಕನ್ನಡಿಗರಿಗೆ ಹಬ್ಬ, ಮದುವೆ ಅಂತ ರಾತ್ರಿ ಕಾರು ಹತ್ತಿ ಊರಿಗೆ ಹೊರಡುವುದು ಹೊಸದೇನಲ್ಲ. ಸಾತಾರಾ, ಕೊಲ್ಲಾಪುರ, ಬೆಳಗಾವಿ ದಾಟಿ ಹಾವೇರಿ ಕಡೆ ಬಂದಾಗ ಒಂದು ಮೊಲ ಚಕ್ರಕ್ಕೆ ಸಿಕ್ಕಿತು ಅನ್ನಿ. "ಹೆಂಗೂ ಸತ್ತೈತಿ, ಒಯ್ದು ಸಾರು ಮಾಡೂಣು" ಅಂತ ಹಿಂದಿನ ಸೀಟಿನಿಂದ ದನಿ ಬಂದರೆ ಏನು ಹೇಳುತ್ತೀರಿ? ಕುರಿ, ಕೋಳಿಗಾದರೆ ಒಡೆಯನಿದ್ದಾನೆ. ಮೊಲಕ್ಕೆ ಯಾರು?

ಸತ್ತ ಪ್ರಾಣಿಯ ಮಾಂಸದ ಬಗ್ಗೆ ನಮ್ಮಲ್ಲಿ ಬಹಳ ಹಿಂದೆಯೇ ಕಟ್ಟಳೆ ಇತ್ತು. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿ. ತಾನಾಗಿ ಸತ್ತ ಪ್ರಾಣಿಯ ಮಾಂಸ ಮಾರಿದವನಿಗೆ ಅದರಲ್ಲಿ 12 ಪಣ ದಂಡ. ನಾತ ಹೊಡೆಯುವ ಮಾಂಸಕ್ಕೂ ಅದೇ ದಂಡ. ಅಲ್ಲಿ ಮಾತು ಮಾರಾಟದ್ದು.

ಮುಂದೆ ಕಾನೂನಿನ ಕಣ್ಣು ಬೇಟೆಯ ಮೇಲೆ ಬಿತ್ತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಳ ರಕ್ಷಣೆಗೆ ಕಾಯಿದೆ ಮಾಡಿತು. 1951ರಲ್ಲಿ ಮುಂಬಯಿ ರಾಜ್ಯ ಕಾಡುಪ್ರಾಣಿ, ಕಾಡುಹಕ್ಕಿಗಳಿಗಾಗಿ ಕಾಯಿದೆ ತಂದಿತು. ಆಗ ಪುಣೆ, ಧಾರವಾಡ ಎರಡೂ ಅದೇ ರಾಜ್ಯದಲ್ಲಿದ್ದವು ಅನ್ನುವುದು ನೆನಪಿರಲಿ.

ನಮ್ಮ ಮೊಲದ ಪ್ರಶ್ನೆಗೆ ಇವತ್ತು ಉತ್ತರ ಇರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 39ನೇ ಕಲಮಿನಲ್ಲಿ. ಸತ್ತು ಬಿದ್ದದ್ದೋ, ತಪ್ಪಿ ಕೊಂದದ್ದೋ, ಕಾಡುಪ್ರಾಣಿ ಸರಕಾರದ ಸೊತ್ತು. ಅದು ಕೈಗೆ ಬಂದವರು 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಮಾಂಸ ಹಸಿಯಾದರೂ ಬೇಯಿಸಿದ್ದಾದರೂ ಕಾಯಿದೆಗೆ ಒಂದೇ. ನಿಮ್ಮ ಬಳಿ ಅದು ಸಿಕ್ಕರೆ, ಅಕ್ರಮವಲ್ಲ ಅಂತ ತೋರಿಸುವ ಹೊಣೆ 57ನೇ ಕಲಮಿನ ಪ್ರಕಾರ ನಿಮ್ಮದೇ.

ಇದು ತೀರಾ ಬಿಗಿಯಾಯಿತು ಅನ್ನಿಸಬಹುದು. ಅಮೆರಿಕದ ಆರೆಗನ್ ರಾಜ್ಯದಲ್ಲಿ 2019ರಿಂದ ವಾಹನಕ್ಕೆ ಸಿಕ್ಕಿ ಸತ್ತ ಜಿಂಕೆಯನ್ನು ಊಟಕ್ಕೆ ಒಯ್ಯಬಹುದು. 24 ಗಂಟೆಯೊಳಗೆ ಪರವಾನಗಿಗೆ ಅರ್ಜಿ ಹಾಕಿ, ಆಮೇಲೆ ಕೊಂಬಿನ ಸಮೇತ ತಲೆಯನ್ನು ಸರಕಾರಕ್ಕೆ ಒಪ್ಪಿಸಬೇಕು. ಆದರೆ ಅಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡುವುದೂ ಸಕ್ರಮ. ನಮ್ಮಲ್ಲಿ 1991ರ ತಿದ್ದುಪಡಿ ಬೇಟೆಯ ಲೈಸೆನ್ಸನ್ನೇ ತೆಗೆದುಹಾಕಿತು. ಹಾಗಿರುವಾಗ "ಸತ್ತು ಬಿದ್ದಿತ್ತು ಸಾಹೇಬ್ರ" ಅನ್ನುವ ಮಾತನ್ನು ಒಪ್ಪಿಬಿಟ್ಟರೆ, ಉರುಲು ಹಾಕಿದವನೂ ಅದನ್ನೇ ಹೇಳುತ್ತಾನೆ. ಪಾತ್ರೆಯಲ್ಲಿನ ತುಂಡು ಚಕ್ರಕ್ಕೆ ಸಿಕ್ಕಿದ್ದೋ ಉರುಲಿಗೆ ಬಿದ್ದದ್ದೋ ಹೇಳುವವರು ಯಾರು? ಹಸಿದವನೊಬ್ಬ ಸಿಕ್ಕಿದ್ದನ್ನು ಮನೆಗೆ ಒಯ್ದರೂ ಇದೇ ಕಾಯಿದೆಯ ಕೈಗೆ ಸಿಗುತ್ತಾನೆ ಅನ್ನುವುದೂ ನಿಜ.

ಸಾಯದಂತೆ ನೋಡಿಕೊಳ್ಳುವ ದಾರಿಯೂ ಇದೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಲ್ಲಿಸಿದ 2009ರ ಕ್ರಮವನ್ನು 2010ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.

ಆದ್ದರಿಂದ ಮಿತ್ರರೇ, ಮೊಲ ಡಿಕ್ಕಿಗೆ ಬೇಡ. ಠಾಣೆಗೊಂದು ಫೋನ್ ಸಾಕು. ಕತ್ತಲಾದ ಮೇಲೆ ವೇಗ ಸ್ವಲ್ಪ ತಗ್ಗಿಸಿ. ಊರು ಎಲ್ಲಿಗೂ ಓಡಿ ಹೋಗುವುದಿಲ್ಲ. ಮತ್ತೆ ಸಿಗೋಣ.