ಕಿಟಕಿಯ ಕುಂಡದಲ್ಲಿ ಉಸಂಬರದ ನೆರಳು

ಆಫ್ರಿಕನ್ ವಯೊಲೆಟ್ ಎಂಬ ಹೆಸರಿನಲ್ಲಿ ಅರ್ಧ ಮಾತ್ರ ನಿಜ. ಗಿಡ ಆಫ್ರಿಕಾದ್ದು, ಸರಿ. ಆದರೆ ವಯೊಲೆಟ್ ಕುಲಕ್ಕೂ ಅದಕ್ಕೂ ನಂಟಿಲ್ಲ. ನೇರಳೆ ಬಣ್ಣದ ಹೂವು ಕಂಡ ಯುರೋಪಿನವರು ತಮಗೆ ಗೊತ್ತಿದ್ದ ಹೆಸರನ್ನೇ ಅದಕ್ಕೂ ಅಂಟಿಸಿದರು. ಅಂಗೈಯಗಲದ ಕುಂಡದಲ್ಲಿ ಮನೆಯೊಳಗೇ ಅರಳುವ ಈ ಪುಟ್ಟ ಗಿಡದ ತವರು ಟಾಂಜಾನಿಯಾದ ಉಸಂಬರ ಬೆಟ್ಟಗಳು ಮತ್ತು ಅವುಗಳ ಆಸುಪಾಸಿನ ಕಾಡುಗಳು.

1884ರಲ್ಲೇ ಬ್ರಿಟನ್ನಿನ ಜಾನ್ ಕರ್ಕ್ ಇದರ ಮಾದರಿಯನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಕಳುಹಿಸಿದ್ದರು. ಅದು ಅಪೂರ್ಣವಾಗಿದ್ದುದರಿಂದ ಗಿಡಕ್ಕೆ ಹೆಸರಿಡಲಾಗಲಿಲ್ಲ. ಉಸಂಬರ ಆಗ ಜರ್ಮನಿಯ ವಸಾಹತಾಗುವ ಹೊತ್ತು. ಅಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಫಾನ್ ಸೇಂಟ್ ಪಾಲ್ ಇಲೇರ್ 1892ರ ಸುಮಾರಿಗೆ ಇದನ್ನು ಗುರುತಿಸಿ, ಜರ್ಮನಿಯಲ್ಲಿದ್ದ ತಂದೆಗೆ ಕಳುಹಿಸಿದರು. ಅಲ್ಲಿಂದ ಅದು ಹ್ಯಾನೋವರ್ ನಗರದ ಸಸ್ಯೋದ್ಯಾನ ಸೇರಿತು. ಅದರ ಮುಖ್ಯಸ್ಥ ಹರ್ಮನ್ ವೆಂಡ್‌ಲ್ಯಾಂಡ್ 1893ರಲ್ಲಿ ಅದಕ್ಕೆ ‘ಸೇಂಟ್‌ಪೌಲಿಯ ಅಯೊನಾಂತ’ ಎಂದು ನಾಮಕರಣ ಮಾಡಿದರು. ಬೆಟ್ಟದ ಗಿಡಕ್ಕೆ ವಸಾಹತಿನ ಅಧಿಕಾರಿಯ ಮನೆತನದ ಹೆಸರು ಬಂದದ್ದು ಹೀಗೆ.

1920ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಬೆಳೆಗಾರರು ಯುರೋಪಿನಿಂದ ಬೀಜ ತರಿಸಿ, ‘ಬ್ಲೂ ಬಾಯ್’ ಮುಂತಾದ ಹತ್ತು ತಳಿಗಳನ್ನು ಆರಿಸಿದರು. 1946ರಲ್ಲಿ ಈ ಗಿಡದ ಪ್ರಿಯರದೇ ಒಂದು ಸಂಘ ಅಲ್ಲಿ ಹುಟ್ಟಿತು. ಟ್ಯೂಬ್‌ಲೈಟಿನ ಬೆಳಕೇ ಸಾಕೆಂದು ತಿಳಿದ ಮೇಲೆ ಬಿಸಿಲು ಬಾರದ ಕೋಣೆಗೂ ಹೂವು ಬಂತು.

ಇದರ ಆರೈಕೆಯ ಗುಟ್ಟೆಲ್ಲ ತವರಿನ ನೆನಪೇ. ಕಾಡಿನಲ್ಲಿ ಇದು ಮರಗಳ ನೆರಳಲ್ಲಿ, ಪಾಚಿಗಟ್ಟಿದ ಬಂಡೆಯ ಸಂದಿಯಲ್ಲಿ ಬೆಳೆಯುತ್ತದೆ. ಆದ್ದರಿಂದಲೇ ಬೆಳಕು ಬೇಕು, ನೇರ ಬಿಸಿಲು ಬೇಡ. ತೇವ ಬೇಕು, ನೀರು ನಿಲ್ಲಬಾರದು. ತಣ್ಣೀರು ಬಿದ್ದರೆ ಎಲೆಯ ಮೇಲೆ ಕಲೆ ಮೂಡುತ್ತದೆ. ಹೀಗಾಗಿ ಕುಂಡವನ್ನು ನೀರಿನ ತಟ್ಟೆಯಲ್ಲಿ ಅರ್ಧ ಗಂಟೆ ಇಟ್ಟು, ಉಳಿದ ನೀರು ಚೆಲ್ಲುವುದು ಒಳ್ಳೆಯದು. ಮಣ್ಣು ಹಗುರವಾಗಿರಲಿ, ಕುಂಡ ಚಿಕ್ಕದಿರಲಿ. ತೊಟ್ಟು ಸಮೇತ ಒಂದು ಎಲೆ ನೆಟ್ಟರೆ ಕೆಲವು ವಾರಗಳಲ್ಲಿ ಬುಡದಲ್ಲಿ ಮರಿಗಿಡಗಳು ಇಣುಕುತ್ತವೆ. ನೆರೆಮನೆಯಿಂದ ನೆರೆಮನೆಗೆ ಇದು ಹಬ್ಬಿದ್ದು ಈ ಒಂದು ಎಲೆಯ ಬಲದಿಂದಲೇ.

ಆದರೆ ಎಲೆಯಿಂದ ಬಂದ ಗಿಡ ಸಾಮಾನ್ಯವಾಗಿ ತಾಯಿಯದೇ ಪ್ರತಿ. ಕುಂಡಗಳಲ್ಲಿ ಎಷ್ಟು ಹೆಚ್ಚಿದರೂ ಕಾಡಿನ ವೈವಿಧ್ಯ ಅದರಿಂದ ಮರಳಿ ಬಾರದು. ತವರಿನಲ್ಲಿ ಕೃಷಿಗಾಗಿ, ಮರಮಟ್ಟಿಗಾಗಿ ಕಾಡು ಕಡಿದಂತೆಲ್ಲ ಬಂಡೆಗಳ ಮೇಲೆ ಬಿಸಿಲು ಬೀಳುತ್ತದೆ. ಯಾರೂ ಕೀಳದಿದ್ದರೂ ಗಿಡ ಒಣಗುತ್ತದೆ. ಕೆಲವು ಬಗೆಗಳು ಒಂದೆರಡು ತಾಣಗಳಲ್ಲಷ್ಟೇ ಉಳಿದಿವೆ.

2015ರಲ್ಲಿ ಸಸ್ಯವಿಜ್ಞಾನಿಗಳು ಇದನ್ನು ‘ಸ್ಟ್ರೆಪ್ಟೊಕಾರ್ಪಸ್’ ಕುಲಕ್ಕೆ ಸೇರಿಸಿದರು. ಅಧಿಕಾರಿಯ ಹೆಸರು ಈಗ ಉಪಕುಲದ ವಿಭಾಗವೊಂದರಲ್ಲಿ ಮಾತ್ರ ಉಳಿದಿದೆ. ಹೆಸರು ಬದಲಾದರೆ ಗಿಡಕ್ಕೆ ನಷ್ಟವೇನಿಲ್ಲ. ನೆರಳು ಹೋದರೆ ಮಾತ್ರ ಎಲ್ಲವೂ ಹೋದಂತೆ. ಮನೆಯಲ್ಲಿ ಅದಕ್ಕಾಗಿ ಪರದೆ ಎಳೆಯುತ್ತೇವೆ; ಉಸಂಬರದಲ್ಲಿ ಆ ಪರದೆ ಕಾಡೇ.