‘ಬಾಪ್ತಿಜೊ’ ಎಂಬ ಗ್ರೀಕ್ ಕ್ರಿಯಾಪದವೂ ಕನ್ನಡದ ‘ದೀಕ್ಷಾಸ್ನಾನ’ವೂ

ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಅವರ ಶಾಲೆ, ಮುದ್ರಣ, ನಿಘಂಟುಗಳ ವಿಷಯವಾಗಿ ಸಾಕಷ್ಟು ಬರೆಯಲಾಗಿದೆ. ಆ ಕಾಲದ ಬೈಬಲ್ ಅನುವಾದದ ಶಬ್ದಗಳನ್ನೇ ಇತಿಹಾಸದ ಆಧಾರವೆಂದು ಬಗೆದು ವಿಚಾರಿಸುವುದೂ ಅಗತ್ಯವೆಂದು ನಮ್ಮ ಅಭಿಪ್ರಾಯ. ಅಂಥದೊಂದು ಶಬ್ದವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಗ್ರೀಕಿನಲ್ಲಿ ‘ಬಾಪ್ತೊ’ ಎಂದರೆ ಅದ್ದು. ಬಟ್ಟೆಗೆ ಬಣ್ಣ ಹಾಕುವುದಕ್ಕೂ ಅದೇ ಪದ. ಅದರಿಂದ ಸಾಧಿತವಾದ ‘ಬಾಪ್ತಿಜೊ’ ಎಂಬುದಕ್ಕೆ ಮುಳುಗಿಸು, ಮುಳುಗಿ ಹೋಗುವಂತೆ ಮಾಡು ಎಂಬರ್ಥ. ಇತಿಹಾಸಕಾರ ಪೊಲಿಬಿಯಸನು ಹಡಗುಗಳು ಮುಳುಗಿದುದನ್ನು ಹೇಳುವಾಗ ಇದನ್ನು ಬಳಸುತ್ತಾನೆ. ಪ್ಲೇಟೋವಿನ ‘ಸಿಂಪೋಸಿಯಂ’ನಲ್ಲಿ ಹಿಂದಿನ ರಾತ್ರಿ ಮದ್ಯದಲ್ಲಿ ಮುಳುಗಿದವರಿಗೂ ಇದೇ ಮಾತು! ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಕುಷ್ಠರೋಗಿಯಾದ ನಾಮಾನನು ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿದನೆಂಬಲ್ಲಿ ಈ ಪದವಿದೆ. ಯೆಶಾಯನ 21ನೆಯ ಅಧ್ಯಾಯದಲ್ಲಿಯಾದರೋ ನೀರಿನ ಸುಳಿವೇ ಇಲ್ಲ, ಮನುಷ್ಯನನ್ನು ಆವರಿಸಿಕೊಳ್ಳುವ ವಿಪತ್ತಿದೆ. ಲೂಕನ ಸುವಾರ್ತೆಯಲ್ಲಿ ಊಟದ ಮುಂಚಿನ ಶುದ್ಧಿಗೂ, ಮುಂದೆ ಕ್ರಿಸ್ತನು ಅನುಭವಿಸಲಿದ್ದ ಸಂಕಟಕ್ಕೂ ಈ ಧಾತುವೇ ಬಂದಿದೆ. ಮತಪ್ರವೇಶದ ಸಂಸ್ಕಾರವೆಂಬ ಅರ್ಥವು ಹೀಗೆ ನಿತ್ಯವ್ಯವಹಾರದ ಪದದ ಮೇಲೆ ಬಂದು ಕುಳಿತದ್ದು.

ಅನುವಾದಕರ ತೊಡಕು ಇಲ್ಲಿಂದ ಮೊದಲಾಗುತ್ತದೆ. ‘ಮುಳುಗಿಸು’ ಎಂದರೆ ಶಿಶುಗಳ ತಲೆಗೆ ನೀರೆರೆಯುವ ಸಭೆಗಳವರು ಒಪ್ಪರು. ಹಾಗೆನ್ನದಿದ್ದರೆ ಬ್ಯಾಪ್ಟಿಸ್ಟರು ಒಪ್ಪರು. ಬಂಗಾಳಿ ಅನುವಾದದಲ್ಲಿ ಮುಳುಗುವ ಅರ್ಥವನ್ನೇ ಇಟ್ಟುದಕ್ಕಾಗಿ ಬ್ರಿಟಿಷ್ ಮತ್ತು ವಿದೇಶೀ ಬೈಬಲ್ ಸೊಸೈಟಿಯು ನೆರವನ್ನು ನಿರಾಕರಿಸಿತು. ಬ್ಯಾಪ್ಟಿಸ್ಟರು 1840ರಲ್ಲಿ ಬೇರೆ ಸಂಘವನ್ನೇ ಕಟ್ಟಿಕೊಂಡರು. ಒಂದು ಕ್ರಿಯಾಪದಕ್ಕಾಗಿ ಸಂಘ ಒಡೆದ ಉದಾಹರಣೆಗಳು ವಿರಳ.

ನೆರೆಯ ಭಾಷೆಗಳನ್ನು ನೋಡಿದರೆ, ಮರಾಠಿಯಲ್ಲಿ ‘ಬಾಪ್ತಿಸ್ಮಾ’, ತೆಲುಗಿನಲ್ಲಿ ‘ಬಾಪ್ತಿಸ್ಮಮು’ ಎಂದು ಗ್ರೀಕ್ ಪದವನ್ನೇ ಉಳಿಸಿಕೊಂಡರು. ತಮಿಳಿನಲ್ಲಿ ‘ಜ್ಞಾನಸ್ನಾನಂ’ ಎಂದಾಯಿತು. ಕನ್ನಡದಲ್ಲಿ ಶ್ರೀರಾಮಪುರದವರ ಹೊಸ ಒಡಂಬಡಿಕೆ 1823ರಲ್ಲಿಯೂ, ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರ ಶ್ರಮದಿಂದ ಪೂರ್ಣ ಬೈಬಲ್ 1831ರಲ್ಲಿಯೂ ಹೊರಬಂದವು. ಮುಂದೆ ವೈಗ್ಲೆ, ಮೋಗ್ಲಿಂಗ್ ಮೊದಲಾದವರು ಪರಿಷ್ಕರಣದಲ್ಲಿ ತೊಡಗಿದರು. ನಮ್ಮಲ್ಲಿ ಬೇರೂರಿದ ಕನ್ನಡ ಬೈಬಲ್ಲಿನಲ್ಲಿ ಯೋಹಾನನು ‘ಸ್ನಾನಿಕ’, ಸಂಸ್ಕಾರವು ‘ದೀಕ್ಷಾಸ್ನಾನ’.

ಈ ‘ದೀಕ್ಷೆ’ ಎಲ್ಲಿಯದು? ವೈದಿಕರ ಸೋಮಯಾಗದಲ್ಲಿ ಯಜಮಾನನು ದೀಕ್ಷಿತನಾಗುವ ಮುನ್ನ ಕ್ಷೌರ, ಸ್ನಾನಗಳುಂಟು. ದೀಕ್ಷೆಗೂ ನೀರಿಗೂ ಅಲ್ಲಿ ಹಳೆಯ ನಂಟು. ಧಾರವಾಡದ ಸೀಮೆಯಲ್ಲಿಯಾದರೋ ದೀಕ್ಷೆಯೆಂದೊಡನೆ ಜನರ ಮನಸ್ಸಿಗೆ ಬರುವುದು ಲಿಂಗದೀಕ್ಷೆ: ಗುರುವು ಶಿಷ್ಯನ ಕರದಲ್ಲಿ ಇಷ್ಟಲಿಂಗವನ್ನಿಡುವ ಸಂಸ್ಕಾರ. ಬರಿಯ ತೀರ್ಥಸ್ನಾನವನ್ನು ಬಸವಣ್ಣನವರ ವಚನಗಳು ಹಾಸ್ಯಮಾಡಿವೆ. ಅಂಥ ನಾಡಿನಲ್ಲಿ ‘ಸ್ನಾನ’ವೊಂದನ್ನೇ ಹೇಳಿದ್ದರೆ ಅದು ಬೆಳಗಿನ ಜಳಕದಂತೆ ಕೇಳಿಸುತ್ತಿತ್ತು, ‘ದೀಕ್ಷೆ’ ಸೇರಿದುದರಿಂದ ಗುರು, ಪ್ರತಿಜ್ಞೆ, ಹೊಸ ಬಳಗ ಇವೆಲ್ಲ ಧ್ವನಿತವಾದವು. ಅನುವಾದಕರು ಇದನ್ನೆಲ್ಲ ಎಣಿಸಿಯೇ ಆರಿಸಿದರೆಂದು ನಾವು ಸಾಧಿಸಹೊರಟಿಲ್ಲ. ಕೇಳುವವರಿಗೆ ಹೀಗೆ ಕೇಳಿಸಿರಬೇಕೆಂಬುದಷ್ಟೇ ನಮ್ಮ ವಾದ. ದೀಕ್ಷೆ ಪಡೆದವನು ತನ್ನ ಕುಲದಿಂದ ಹೊರಬೀಳುವುದು ಅಂದು ಬರಿಯ ಅಲಂಕಾರದ ಮಾತಾಗಿರಲಿಲ್ಲ. ಮತಾಂತರ ಹೊಂದಿದವರ ದಾಯಭಾಗವನ್ನು ರಕ್ಷಿಸಲು 1850ರಲ್ಲಿ ಸರಕಾರವು 21ನೆಯ ಕಾಯಿದೆಯನ್ನೇ ಮಾಡಬೇಕಾಯಿತು.

ಆದರೆ ಈ ಲಾಭಕ್ಕೆ ತಕ್ಕ ನಷ್ಟವೂ ಉಂಟು. ಗ್ರೀಕ್ ಓದುಗನಿಗೆ ಹೊಳೆಯಲ್ಲಿಯ ಸಂಸ್ಕಾರ, ಊಟದ ಮುಂಚಿನ ಶುದ್ಧಿ, ಮರಣಸಂಕಟ ಮೂರೂ ಒಂದೇ ಧಾತುವಿನಿಂದ ಕೇಳಿಸುತ್ತಿದ್ದವು. ಊಟದ ಮುಂಚಿನ ಶುದ್ಧಿಗೆ ಕನ್ನಡದಲ್ಲಿ ದೀಕ್ಷಾಸ್ನಾನವೆನ್ನುವುದು ಹೇಗೆ? ಅಲ್ಲಿ ಬೇರೆ ಪದ ಬೇಕೇ ಬೇಕು. ಹಾಗಾಗಿ ಮೂಲದ ಪ್ರತಿಧ್ವನಿ ಕಡಿದುಹೋಗುತ್ತದೆ. ಇನ್ನೊಂದು ಸಂಗತಿ: ಈಚಿನ ಸರಳ ಕನ್ನಡದ ಅನುವಾದದಲ್ಲಿ ಸಮಾಸವು ತಿರುವುಮುರುವಾಗಿ ‘ಸ್ನಾನದೀಕ್ಷೆ’ ಎಂದಾಗಿದೆ. ಮೊದಲನೆಯದರಲ್ಲಿ ಉತ್ತರಪದವಾದ ಸ್ನಾನವೇ ಪ್ರಧಾನ, ದೀಕ್ಷೆ ಅದಕ್ಕೆ ವಿಶೇಷಣ; ಎರಡನೆಯದರಲ್ಲಿ ದೀಕ್ಷೆಯೇ ಪ್ರಧಾನ, ನೀರು ಅದರ ಸಾಧನ. ಗ್ರೀಕ್ ಕ್ರಿಯಾಪದಕ್ಕೆ ಹಳೆಯ ರೂಪವೇ ಹೆಚ್ಚು ಹತ್ತಿರವೆಂದು ನಮಗೆ ತೋರುತ್ತದೆ.